ಕಾರಿನ ನ್ಯಾವಿಗೇಷನ್ ಸೆಟ್ ಕೈಕೊಟ್ಟರೆ: ಕಳಚುವ ಮೊದಲು ನೋಡಬೇಕಾದದ್ದು

ಹೋದ ಆಷಾಢದಲ್ಲಿ ಶಿವಮೊಗ್ಗದ ನನ್ನ ಅಂಗಡಿ ಮುಂದೆ ಕಾರು ನಿಲ್ಲಿಸಿದ ಗೌಡರೊಬ್ಬರು ಇಳಿಯುವಾಗಲೇ ಬೈಯುತ್ತಿದ್ದರು. ತೀರ್ಥಹಳ್ಳಿಗಿಂತ ಈಚೆ, ಹೆದ್ದಾರಿ ಬಿಟ್ಟು ನಾಲ್ಕು ಕಿಲೋಮೀಟರ್ ಒಳಗೆ ಅವರ ತೋಟದ ಮನೆ.

"ಎಂಥದು ಮಾರಾಯ ಇದು! ಮನೆ ಬಿಟ್ಟು ಮಂಡಗದ್ದೆ ಮುಟ್ಟೋವರೆಗೂ ನಾನೆಲ್ಲಿದೀನಿ ಅಂತ ಇದಕ್ಕೆ ಗೊತ್ತಾಗಲ್ಲ. ಅಲ್ಲಿಂದ ಈಚೆ ನಂಗೇ ದಾರಿ ಗೊತ್ತು, ಇದ್ಯಾಕೆ?"

ಅಷ್ಟರಲ್ಲಾಗಲೇ ಎರಡು ಸಲ ಜಿಪಿಎಸ್ ಆಂಟೆನಾ ಬದಲಾಗಿತ್ತು. ಮೂರನೇ ಕಡೆಯವರು "ಬೋರ್ಡ್ ಹೋಗಿದೆ, ಹೊಸ ಸೆಟ್ಟೇ ಹಾಕಿಸಿ" ಅಂದಿದ್ದರಂತೆ. ನಾನು ಸೆಟ್ ಮುಟ್ಟದೆ ಒಂದೇ ಪ್ರಶ್ನೆ ಕೇಳಿದೆ: "ಗೌಡ್ರೇ, ಬಾಗಿಲು ತೆಗೆದ್ರೆ ಒಳಗಿನ ಲೈಟ್ ಹತ್ತುತ್ತಾ?"

"ಅದು ಹತ್ತದೆ ವರ್ಷ ಆಯ್ತು. ಅದಕ್ಕೂ ಇದಕ್ಕೂ ಎಂಥ ಸಂಬಂಧ?"

ಸಂಬಂಧ ಇತ್ತು. ಅದನ್ನು ಕೆಳಗೆ ಹೇಳುತ್ತೇನೆ. ನಮ್ಮ ಕಡೆ 'ಸೆಟ್ ಕೆಟ್ಟಿದೆ' ಅಂತ ಬರುವ ಕಾರುಗಳಲ್ಲಿ ಹೆಚ್ಚಿನವುಗಳ ಸೆಟ್ ಕೆಟ್ಟಿರುವುದಿಲ್ಲ. ಸೆಟ್ಟಿಗೆ ಬರುವ ಕರೆಂಟು, ಅರ್ಥ್ (ಅದೇ ಕರೆಂಟು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ದಾರಿ), ಆಂಟೆನಾ, ಇಲ್ಲವೇ ಒಳಗಿನ ನಕ್ಷೆ, ಇವುಗಳಲ್ಲಿ ಯಾವುದೋ ಒಂದು ಹಾಳಾಗಿರುತ್ತದೆ. ಆರು ತಿಂಗಳು ತೇವದಲ್ಲಿ ನಿಲ್ಲುವ ಗಾಡಿಗಳಲ್ಲಿ ಇದು ಸಹಜ. ಆದ್ದರಿಂದ ಹೊರಗಿನಿಂದ ಒಳಗೆ ಹುಡುಕುತ್ತ ಹೋಗಬೇಕು. ಬೋರ್ಡ್, ಅಂದರೆ ಸೆಟ್ಟಿನೊಳಗಿನ ಸರ್ಕ್ಯೂಟಿನ ಮೇಲೆ ಅನುಮಾನ ಪಡುವುದು ಕಟ್ಟಕಡೆಗೆ.

ಮೊದಲು ಕೇಳಿ, ಆಮೇಲೆ ಕಳಚಿ

ತೆರೆಯ ಮೇಲೆ ಕಾಣುವ ನಕ್ಷೆ ಯಾರದ್ದು? ಫೋನ್ ಜೋಡಿಸಿದಾಗ ಮಾತ್ರ ಬರುವುದಾದರೆ ಅದು ಫೋನಿನ ನಕ್ಷೆ. ನೆಟ್‌ವರ್ಕ್ ಸಿಗದ ಕಡೆ ಅದು ಒದ್ದಾಡಿದರೆ ಸೆಟ್ಟಿನ ತಪ್ಪಲ್ಲ. ಸೆಟ್ಟಿನೊಳಗೇ ನಕ್ಷೆ ಇರುವುದಾದರೆ ಸಿಗ್ನಲ್ ಇಲ್ಲದ ಕಣಿವೆಯಲ್ಲೂ ಅದು ನಡೆಯಬೇಕು. ಹೊಸನಗರ, ಆಗುಂಬೆ ಕಡೆಯವರು ಇನ್ನೂ ಇಂಥ ಸೆಟ್ಟನ್ನೇ ಕೇಳುವುದು ಇದೇ ಕಾರಣಕ್ಕೆ.

ಕೀ ತೆಗೆದು ಮತ್ತೆ ಹಾಕಿದಾಗ ಗಡಿಯಾರ, ರೇಡಿಯೋ ಸ್ಟೇಷನ್, ಧ್ವನಿಯ ಮಟ್ಟ ನೆನಪಿನಲ್ಲಿವೆಯೇ, ಇಲ್ಲ ಎಲ್ಲ ಹೊಸದಾಗಿ ಶುರುವಾಗುತ್ತದೆಯೇ? ತೊಂದರೆ ಬರುವುದು ಸ್ಟಾರ್ಟ್ ಮಾಡುವಾಗಲೋ, ಮಳೆ ಬಂದ ಮರುದಿನವೋ, ಗುಂಡಿ ಹಾರಿದಾಗಲೋ? ಶುರುವಾಗುವ ಮೊದಲು ಕಾರಿಗೆ ಹೊಸದಾಗಿ ಏನು ಹಾಕಿಸಿದ್ದೀರಿ? ಡ್ಯಾಶ್‌ಕ್ಯಾಮ್, ಗಾಜಿಗೆ ಫಿಲಂ, ಹೊಸ ಟೈರು, ಏನಾದರೂ ಸರಿ. ಕೊನೆಯ ಪ್ರಶ್ನೆಗೆ ಜನ "ಏನೂ ಇಲ್ಲ" ಅನ್ನುತ್ತಾರೆ. ಒಂದು ಟೀ ಕುಡಿಸಿ ಮತ್ತೆ ಕೇಳಿ.

ಹಳದಿ, ಕೆಂಪು, ಕಪ್ಪು

ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಸುಮ್ಮನಿರಿ. ಏರ್‌ಬ್ಯಾಗಿನ ವೈರುಗಳಿಗೂ ಕಪ್ಲರುಗಳಿಗೂ (ವೈರು ಜೋಡಿಸುವ ಕೊಂಡಿಗಳಿಗೂ) ಸಾಮಾನ್ಯವಾಗಿ ಹಳದಿ ಬಣ್ಣವೇ ಇರುತ್ತದೆ. ಸೆಟ್ಟಿನ ಹಿಂದಿನ ಹಳದಿ ವೈರು ಬೇರೆ, ಇದು ಬೇರೆ. ಏರ್‌ಬ್ಯಾಗಿನ ಕಪ್ಲರಿಗೆ ಮೀಟರ್ ಕಡ್ಡಿಯನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ತಾಗಿಸಲೇಬಾರದು. ಇನ್ನೊಂದು ಮಾತು, ಕಂಪನಿಯಿಂದಲೇ ಬಂದ ಕೆಲವು ಸೆಟ್ಟುಗಳು ಬ್ಯಾಟರಿ ತೆಗೆದು ಹಾಕಿದ ಮೇಲೆ ಕೋಡ್ ಕೇಳುತ್ತವೆ. ಕೋಡ್ ಎಲ್ಲಿ ಬರೆದಿಟ್ಟಿದ್ದೀರಿ ನೋಡಿಕೊಂಡು ಮುಂದುವರಿಯಿರಿ.

ಹೊರಗಿನಿಂದ ಹಾಕಿಸಿದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಸದಾ 12 ವೋಲ್ಟ್ ಇರಬೇಕು, ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ಥ್. ನೆನಪು ಉಳಿಯುವುದು ಹಳದಿಯಿಂದ, ಸೆಟ್ ಎಚ್ಚರಗೊಳ್ಳುವುದು ಕೆಂಪಿನಿಂದ. ಕೆಲವು ಯುರೋಪಿನ ಕಾರುಗಳಲ್ಲಿ ಈ ಎರಡರ ಜಾಗ ಅದಲು ಬದಲಾಗಿರುತ್ತದೆ. ಹಾಗಾಗಿ ಬಣ್ಣ ನಂಬದೆ ಅಳೆದೇ ನೋಡಿ.

ಗೌಡರ ಕಾರಿನಲ್ಲಿ ಆಗಿದ್ದು ಇಷ್ಟು. ಒಳಗಿನ ದೀಪಕ್ಕೂ ಸೆಟ್ಟಿನ ಹಳದಿ ವೈರಿಗೂ ಒಂದೇ ಫ್ಯೂಸ್. ಆ ಫ್ಯೂಸ್ ಕೂರುವ ಜಾಗಕ್ಕೆ ಕಿಲುಬು ಹಿಡಿದು ಕರೆಂಟು ನಿಂತಿದೆ, ದೀಪ ಹೋಗಿದೆ, ಜೊತೆಗೆ ಸೆಟ್ಟೂ ಹೋಗಿದೆ. ಆಗ ಯಾರೋ ಪುಣ್ಯಾತ್ಮ ಕಾರಣ ಹುಡುಕುವ ಬದಲು ಹಳದಿಯನ್ನೂ ಕೆಂಪನ್ನೂ ಒಟ್ಟಿಗೆ ಹೆಣೆದು ಟೇಪ್ ಸುತ್ತಿದ್ದಾನೆ. ಸೆಟ್ ಹತ್ತಿತು, ದುಡ್ಡು ಕೊಟ್ಟಾಯಿತು. ಆದರೆ ಅವತ್ತಿನಿಂದ ಕೀ ತೆಗೆದಾಗಲೆಲ್ಲ ಸೆಟ್ಟಿಗೆ ಪೂರ್ತಿ ಮರೆವು. ರೇಡಿಯೋ ಕೇಳುವ ಅಭ್ಯಾಸ ಗೌಡರಿಗಿಲ್ಲ. ಗಡಿಯಾರ ಯಾವಾಗಲೂ 12 ಗಂಟೆ ತೋರಿಸುತ್ತಿದ್ದುದನ್ನು ಅವರು "ಅದು ಹಾಗೇ" ಅಂದುಕೊಂಡಿದ್ದರು.

ನೆನಪು ಹೋದ ಜಿಪಿಎಸ್ ಏನು ಮಾಡುತ್ತದೆ ಅನ್ನುವುದು ಇಲ್ಲಿ ಮುಖ್ಯ. ಉಪಗ್ರಹಗಳಿರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಜಾಗ, ಎತ್ತರ ಎರಡೂ ಸರಿಯಾಗಿ ಸಿಗಲು ಕನಿಷ್ಠ ನಾಲ್ಕರ ಸಿಗ್ನಲ್ ಬೇಕು. ಪ್ರತಿ ಉಪಗ್ರಹ ತಾನಿರುವ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತಲೇ ಇರುತ್ತದೆ. ಆ ವಿವರ ಕೆಲವು ಗಂಟೆಗಳ ಮಟ್ಟಿಗೆ ಚಾಲ್ತಿ. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ ಬೇಕು. ನೆನಪಿರುವ ಸೆಟ್ಟಿಗೆ ನಿನ್ನೆ ತಾನೆಲ್ಲಿದ್ದೆ, ಈಗ ಗಂಟೆ ಎಷ್ಟು, ಯಾವ ಉಪಗ್ರಹ ತಲೆ ಮೇಲಿದೆ ಎಂಬ ಅಂದಾಜಿರುತ್ತದೆ. ಮರೆತ ಸೆಟ್ ಆಕಾಶವನ್ನೆಲ್ಲ ತಡಕಬೇಕು. ಬಯಲುಸೀಮೆಯಲ್ಲಾದರೆ ಆಗಲೂ ಒಂದೆರಡು ನಿಮಿಷದಲ್ಲಿ ಹಿಡಿದುಬಿಡುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಇಲ್ಲಿ ಹಾಗಲ್ಲ. ತಗಡಿನ ಶೆಡ್ಡಿನಿಂದ ಹೊರಟ ಕಾರು ನೇರ ಕಾಡಿನ ದಾರಿಗೆ ಬೀಳುತ್ತದೆ. ಆ ಮೂವತ್ತು ಸೆಕೆಂಡಿನ ಮಾತು ಕೇಳಿಸಿಕೊಳ್ಳುವಷ್ಟರಲ್ಲಿ ಮಳೆಯಲ್ಲಿ ನೆಂದ ಮರದ ಕೊಂಬೆ ಅಡ್ಡ, ಮತ್ತೆ ಮೊದಲಿನಿಂದ ಶುರು, ಇನ್ನೊಂದು ತಿರುವು, ಮತ್ತೆ ಮೊದಲಿನಿಂದ. ಮಂಡಗದ್ದೆಯಲ್ಲಿ ತುಂಗೆಯ ಬದಿಗೆ ಬಂದಾಗ ಆಕಾಶ ತೆರೆದುಕೊಳ್ಳುತ್ತದೆ, ಸೆಟ್ ಉಸಿರು ಬಿಡುತ್ತದೆ. ಇದರಲ್ಲಿ ಆಂಟೆನಾದ ಪಾಪ ಏನಿದೆ?

ಫ್ಯೂಸ್ ಜಾಗ ಉಜ್ಜಿ, ಹಳದಿ ಬೇರೆ ಮಾಡಿ ಅದರ ಜಾಗಕ್ಕೆ ಸೇರಿಸಿದೆ. ಒಳಗಿನ ದೀಪವೂ ಹತ್ತಿತು. "ಬೆಳಿಗ್ಗೆ ಸ್ಟಾರ್ಟ್ ಮಾಡಿದವ್ರು ಅಡಿಕೆ ಒಣಗಿಸೋ ಅಂಗಳದಲ್ಲಿ ಒಂದೆರಡು ನಿಮಿಷ ನಿಲ್ಸಿ, ಆಮೇಲೆ ಹೊರಡಿ" ಅಂತಲೂ ಹೇಳಿದೆ. ರಾತ್ರಿ ಕಳೆದ ಮೇಲೆ ಕಕ್ಷೆಯ ವಿವರ ಹಳತಾಗಿರುತ್ತದೆ. ನೆನಪು ಸರಿಯಿದ್ದರೂ ಅದೊಂದನ್ನು ಹೊಸದಾಗಿ ಕೇಳಿಸಿಕೊಳ್ಳಲೇಬೇಕು.

ಮೀಟರ್ ಸುಳ್ಳು ಹೇಳುವುದು ಯಾವಾಗ

ಸೆಟ್ ಆಗಾಗ ಆರಿ ಹತ್ತುತ್ತದೆ, ಧ್ವನಿ ಜೋರು ಮಾಡಿದರೆ ಕಂಪನಿ ಚಿಹ್ನೆ ಬಂದು ಮತ್ತೆ ಶುರುವಾಗುತ್ತದೆ. ಇದಕ್ಕೆ ನಾನು ಮೀಟರ್ ಹಿಡಿಯುವ ಮೊದಲು ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದು ಇಟ್ಟುಕೊಂಡಿರುವುದನ್ನೇ ಹಿಡಿಯುತ್ತೇನೆ. ಕಾರಣ ಸರಳ. ಮೀಟರ್ ಕರೆಂಟು ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಕಿಲುಬಿನಲ್ಲಿ ಒಂದೇ ಎಳೆ ತಾಮ್ರ ಉಳಿದಿದ್ದರೂ ಅದು 12.3 ತೋರಿಸುತ್ತದೆ. ನೀವು "ಸಪ್ಲೈ ಸರಿ ಇದೆ" ಅಂದುಕೊಂಡು ಬೋರ್ಡ್ ಬಿಚ್ಚುತ್ತೀರಿ. ಅದೇ ಜಾಗಕ್ಕೆ ಬಲ್ಬು ಕೊಡಿ. ಒಂದೂ ಮುಕ್ಕಾಲು ಆಂಪಿಯರ್ ಎಳೆಯುವ ಬಲ್ಬು ಅಲ್ಲಿ ಮಿಣುಕುಹುಳದ ಹಾಗೆ ಉರಿದರೆ ವೈರು ಒಳಗೆ ಸತ್ತಿದೆ ಅಂತ ಅರ್ಥ.

ಅರ್ಥ್ ನೋಡುವ ಕ್ರಮ ಇದು. ಸೆಟ್ ಚಾಲೂ ಮಾಡಿ, ಧ್ವನಿ ಏರಿಸಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಸೆಟ್ಟಿನ ಲೋಹದ ಮೈಗೆ. 0.1 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. 0.2 ದಾಟಿದರೆ ಹುಡುಕಲು ಶುರು ಮಾಡಿ. ಒಂದು ಜೀಪಿನಲ್ಲಿ ನನಗೆ 0.9 ಸಿಕ್ಕಿತ್ತು. ಕಪ್ಪು ವೈರನ್ನು ಡ್ಯಾಶ್‌ಬೋರ್ಡಿನ ಹಿಂದೆ ಬಣ್ಣ ಬಳಿದ ಪಟ್ಟಿಯ ಮೇಲೆ ಸ್ಕ್ರೂ ಹಾಕಿ ಬಿಗಿದಿದ್ದರು. ಬಣ್ಣದ ಮೇಲೆ ಅರ್ಥ್ ಕೂರುತ್ತದೆಯೇ? ಸ್ಕ್ರೂವಿನ ತಿರುಪು ಒಂದಿಷ್ಟು ಲೋಹ ಕಚ್ಚಿಕೊಂಡು ಎರಡು ವರ್ಷ ನಡೆದಿತ್ತು, ಮೂರನೇ ಮಳೆಗಾಲಕ್ಕೆ ತುಕ್ಕು ಗೆದ್ದಿತು. ಬಣ್ಣ ಕೆರೆದು, ರಿಂಗ್ ಟರ್ಮಿನಲ್ ಹಾಕಿ, ಬಿಗಿದ ಮೇಲೆ ಗ್ರೀಸ್ ಸವರಿದೆ. ಗ್ರೀಸ್ ಮೊದಲು ಸವರಿ ಆಮೇಲೆ ಬಿಗಿಯುವವರೂ ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವ ಕ್ಷಣಕ್ಕೆ ತೆರೆ ಆರುವುದು ಸಹಜ. ಆದರೆ ಪ್ರತಿ ಸಲವೂ ಸೆಟ್ ಮೊದಲಿನಿಂದ ಶುರುವಾಗುತ್ತಿದ್ದರೆ ಬ್ಯಾಟರಿ ನೋಡಿ. ರಾತ್ರಿ ನಿಂತ ಕಾರಿನಲ್ಲಿ 12.6 ಆಸುಪಾಸು ಇರಬೇಕು. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರೊಳಗೆ ಬಂದರೆ ಆಲ್ಟರ್ನೇಟರ್ ಸರಿಯಿದೆ. ವಾರಗಟ್ಟಲೆ ನಿಲ್ಲುವ ಕಾರಿನ ಬ್ಯಾಟರಿ ತಾನಾಗಿ ಖಾಲಿಯಾಗುತ್ತಿದ್ದರೆ, ಎಲ್ಲ ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟು ನೆಗೆಟಿವ್ ದಾರಿಯಲ್ಲಿ ಕರೆಂಟು ಅಳೆಯಿರಿ. 50 ಮಿಲಿಆಂಪಿಯರಿಗಿಂತ ಹೆಚ್ಚಿದ್ದು, ಸೆಟ್ಟಿನ ಫ್ಯೂಸ್ ಕಿತ್ತರೆ ಇಳಿಯುತ್ತದೆ ಅಂದರೆ ಸೆಟ್ ನಿದ್ದೆ ಮಾಡುತ್ತಿಲ್ಲ.

ಇಲಿಯ ಬಗ್ಗೆ ಪ್ರತ್ಯೇಕ ಹೇಳಬೇಕಿಲ್ಲ. ಜೂನ್ ಕಳೆದರೆ ಕೊಟ್ಟಿಗೆ ಪಕ್ಕ ನಿಂತ ಕಾರು ಅದಕ್ಕೂ ಬೆಚ್ಚಗಿನ ಮನೆ. ಗ್ಲೋವ್ ಬಾಕ್ಸ್ ತೆಗೆದು ಒಳಗೆ ಟಾರ್ಚ್ ಬಿಡಿ. ಹಿಕ್ಕೆ ಕಂಡರೆ ಮೀಟರ್ ಬದಿಗಿಟ್ಟು ವೈರಿನ ಉದ್ದಕ್ಕೂ ಬೆರಳಾಡಿಸಿ ನೋಡುವುದೇ ಬೇಗ ಆಗುವ ಕೆಲಸ.

ಆಕಾಶ ಕಾಣದ ಆಂಟೆನಾ

ಕರೆಂಟೆಲ್ಲ ಸರಿಯಿದ್ದೂ ಜಾಗ ಸಿಗುತ್ತಿಲ್ಲ ಅಂದರೆ ಈಗ ಆಂಟೆನಾದ ಸರದಿ. ಸೆಟ್ಟಿನ ಮೆನುವಿನಲ್ಲಿ ಉಪಗ್ರಹಗಳ ಪಟ್ಟಿ ತೋರಿಸುವ ಪುಟ ಎಲ್ಲೋ ಅಡಗಿರುತ್ತದೆ, ಹುಡುಕಿ. ಕಾರನ್ನು ಬಯಲಿಗೆ ತನ್ನಿ. ಊರಿನ ಆಟದ ಮೈದಾನವೋ, ಕೆರೆ ಏರಿಯೋ ಆದೀತು. ಆ ಪುಟದಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಒಂದೂ ಗೆರೆ ಏಳದಿದ್ದರೆ ವೈರೋ ಆಂಟೆನಾವೋ ಸತ್ತಿದೆ. ಗೆರೆಗಳು ಎದ್ದು ಗಿಡ್ಡವಾಗಿಯೇ ಉಳಿದರೆ ಏನೋ ಮುಚ್ಚಿದೆ, ಇಲ್ಲವೇ ಗದ್ದಲ ಮಾಡುತ್ತಿದೆ.

ಈ ಆಂಟೆನಾದೊಳಗೆ ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದ ಕರೆಂಟು ಅದೇ ವೈರಿನಲ್ಲಿ ಸೆಟ್ಟಿನಿಂದ ಹೋಗುತ್ತದೆ. ಆಂಟೆನಾ ಕಿತ್ತು ಸೆಟ್ಟಿನ ತೂತಿನ ನಡುವಿನ ಪಿನ್ನಿಗೂ ಹೊರಗಿನ ಬಳೆಗೂ ಮೀಟರ್ ಕೊಟ್ಟರೆ 3ರಿಂದ 5 ವೋಲ್ಟ್ ಕಾಣಬೇಕು. ಕಡ್ಡಿ ಜಾರಿ ಎರಡನ್ನೂ ಒಟ್ಟಿಗೆ ಮುಟ್ಟದಂತೆ ಎಚ್ಚರ. ವೋಲ್ಟೇಜ್ ಇದ್ದರೆ ಸೆಟ್ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಅಂಗಡಿಯಲ್ಲಿ ಸರಿಯಿರುವ ಒಂದು ಆಂಟೆನಾ ಇಟ್ಟುಕೊಂಡಿರಿ. ಅದನ್ನು ಸಿಕ್ಕಿಸಿ ಕಿಟಕಿಯಿಂದ ಹೊರಗೆಳೆದು ಚಾವಣಿ ಮೇಲಿಟ್ಟರೆ ಐದು ನಿಮಿಷದಲ್ಲಿ ತೀರ್ಪು. ಕಂಪನಿ ಸೆಟ್ಟಿನಲ್ಲಿ ಜಿಪಿಎಸ್ ಕಪ್ಲರ್ ಸಾಮಾನ್ಯವಾಗಿ ನೀಲಿ ಪ್ಲಾಸ್ಟಿಕ್ಕಿನದು, ಹೊರಗಿನ ಸೆಟ್ಟಿನಲ್ಲಿ ಹೆಚ್ಚಾಗಿ ತಿರುಪಿನದು. ತಿರುಪಿನದರ ನಡುವಿನ ಪಿನ್ ಹಸಿರು ತಿರುಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬದಲಿಸಿ.

ಇಡುವ ಜಾಗದಲ್ಲೇ ಅರ್ಧ ತಪ್ಪಾಗಿರುತ್ತದೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ಕೆಳಗೆ ಇಟ್ಟರೆ ನಡೆಯುತ್ತದೆ, ಲೋಹದ ಪಟ್ಟಿಯ ಕೆಳಗೆ ಇಟ್ಟರೆ ಇಲ್ಲ. ಮ್ಯಾಗ್ನೆಟ್ ಇರುವ ಬದಿ ನೆಲಕ್ಕೆ, ಗುಂಡಗಿನ ಬೆನ್ನು ಆಕಾಶಕ್ಕೆ. ಮಗುಚಿ ಅಂಟಿಸಿದ್ದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಬಿಸಿಲು ತಡೆಯಲೆಂದು ಮುಂದಿನ ಗಾಜಿಗೆ ಹಚ್ಚಿದ ಫಿಲಂನಲ್ಲಿ ಲೋಹದ ಪದರ ಇದ್ದರೆ ಅದು ಬಿಸಿಲಿನ ಜೊತೆ ಸಿಗ್ನಲನ್ನೂ ತಡೆಯುತ್ತದೆ. ಅಗ್ಗದ ಡ್ಯಾಶ್‌ಕ್ಯಾಮ್, ಸಿಗರೇಟ್ ಸಾಕೆಟ್ಟಿನ ಚಾರ್ಜರ್‌ಗಳೂ ಗದ್ದಲ ಎಬ್ಬಿಸುತ್ತವೆ. ಉಪಗ್ರಹದ ಪುಟ ತೆರೆದಿಟ್ಟು ಒಂದೊಂದೇ ಕೀಳುತ್ತ ಬನ್ನಿ. ಯಾವುದನ್ನು ಕಿತ್ತಾಗ ಗೆರೆ ಎದ್ದಿತೋ ಅದೇ ಕಳ್ಳ.

ಸೆಟ್ಟಿನ ದಿನಾಂಕ ಇಪ್ಪತ್ತು ವರ್ಷ ಹಿಂದೆ ಹೋಗಿದೆಯೇ? ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಹೀಗೆ ಕೊನೆಯ ಸಲ ಆದದ್ದು 2019ರ ಏಪ್ರಿಲ್‌ನಲ್ಲಿ. ಹಳೇ ಸಾಫ್ಟ್‌ವೇರ್ ಇರುವ ಸೆಟ್ಟುಗಳು ಇಲ್ಲಿ ಎಡವುತ್ತವೆ, ಕೆಲವು ತಡವಾಗಿ ಎಡವುತ್ತವೆ. 2025ರ ಜೂನ್ ಮಧ್ಯದಲ್ಲಿ ಅಂಥ ಸೆಟ್ 2005ರ ಅಕ್ಟೋಬರ್ ಕೊನೆ ತೋರಿಸುತ್ತದೆ. ಇದಕ್ಕೆ ವೈರು ಹುಡುಕುವುದು ದಂಡ. ತಯಾರಕರ ಹೊಸ ಸಾಫ್ಟ್‌ವೇರ್ ಇದ್ದರೆ ಹಾಕಿ, ಇಲ್ಲದಿದ್ದರೆ ದಿನಾಂಕದ ಆಸೆ ಬಿಡಿ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ, ನಕ್ಷೆಯಲ್ಲಿ ನಿಮ್ಮ ಕಾರನ್ನು ತೋರಿಸುವ ಬಾಣ ಮೇಲಿನ ರಸ್ತೆಯಿಂದ ಕೆಳಗಿನದಕ್ಕೆ ನೆಗೆದರೆ ಗಾಬರಿ ಬೇಡ. ಅರ್ಧ ಆಕಾಶವನ್ನು ಗುಡ್ಡ ನುಂಗಿರುತ್ತದೆ, ಬಂಡೆಗೆ ಬಡಿದು ಬಂದ ಸಿಗ್ನಲ್ ತಪ್ಪು ಲೆಕ್ಕ ಕೊಡುತ್ತದೆ, ಮೇಲಿನ ರಸ್ತೆ ಕೆಳಗಿನ ರಸ್ತೆ ನಕ್ಷೆಯಲ್ಲಿ ಒಂದರ ಪಕ್ಕ ಒಂದು. ಚಕ್ರದ ವೇಗ ಹೇಳುವ ವೈರು ಜೋಡಿಸಿರುವ ಸೆಟ್ ಇಲ್ಲಿ ಕಡಿಮೆ ತಪ್ಪುತ್ತದೆ. ಬಹಳ ಕಡೆ ಈ ವೈರು ಗುಲಾಬಿ ಬಣ್ಣದ್ದು, ಮತ್ತು ಬಹಳ ಕಡೆ ಅದನ್ನು ಯಾರೂ ಜೋಡಿಸಿರುವುದಿಲ್ಲ, ಸುತ್ತಿ ಟೇಪ್ ಹಾಕಿ ಒಳಗೆ ತುರುಕಿರುತ್ತಾರೆ. ಟೈರಿನ ಅಳತೆ ಬದಲಿಸಿದ ಮೇಲೆ ಬಾಣ ಕಾರಿಗಿಂತ ಮುಂದೆ ಅಥವಾ ಹಿಂದೆ ಓಡಿದರೆ, ಚಕ್ರದ ಲೆಕ್ಕವಾಗಿ ಸೆಟ್ ಕಲಿತಿಟ್ಟುಕೊಂಡದ್ದನ್ನು ಮೆನುವಿನಲ್ಲಿ ಅಳಿಸಿ ಹೊಸದಾಗಿ ಕಲಿಯಲು ಬಿಡಿ.

ನಕ್ಷೆಯೇ ಹಳತಾದರೆ

"ಕಾರು ನೀರಲ್ಲಿ ಹೋಗ್ತಿದೆ ಅಂತ ತೋರಿಸ್ತಿದೆ ಅಣ್ಣ, ಜಿಪಿಎಸ್ ಕೆಟ್ಟೋಯ್ತು" ಅಂತ ಸಾಗರದ ಹುಡುಗನೊಬ್ಬ ಬಂದಿದ್ದ. ಸಿಗಂದೂರಿಗೆ ಹೋಗಿದ್ದನಂತೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಅದಕ್ಕೂ ಮೊದಲು ಶರಾವತಿ ಹಿನ್ನೀರು ದಾಟಲು ಲಾಂಚೇ ಗತಿ. ಅವನ ಎಸ್‌ಡಿ ಕಾರ್ಡಿನ ನಕ್ಷೆಯಲ್ಲಿ ಇನ್ನೂ ಲಾಂಚ್ ಓಡುತ್ತಿತ್ತು. ಬಾಣ ನಿಂತಿದ್ದ ಜಾಗ ಸರಿಯೇ, ಅಲ್ಲಿ ಸೇತುವೆ ಇದೆ ಅಂತ ಕಾರ್ಡಿಗೆ ಯಾರೂ ಹೇಳಿರಲಿಲ್ಲ. ಜಿಪಿಎಸ್ ತಪ್ಪೋ ನಕ್ಷೆ ತಪ್ಪೋ ತಿಳಿಯಲು ಸೆಟ್ಟಿನ ಅಕ್ಷಾಂಶ ರೇಖಾಂಶವನ್ನು ಪಕ್ಕದಲ್ಲೇ ಫೋನಿನ ಜೊತೆ ಹೋಲಿಸಿ. ಎರಡೂ ಹೊಂದಿದರೆ ಸೆಟ್ ಕಳಚಬೇಡಿ.

ಊರು ಸಿಗುತ್ತಿಲ್ಲ ಅನ್ನುವ ದೂರೂ ಇದೇ ಜಾತಿ. ಶಿವಮೊಗ್ಗ ಅಂತ ಇಂಗ್ಲಿಷಿನಲ್ಲಿ ಅಧಿಕೃತವಾಗಿ ಬರೆಯತೊಡಗಿದ್ದು 2014ರ ನವೆಂಬರ್ 1ರಿಂದ. ಅದಕ್ಕಿಂತ ಹಳೇ ನಕ್ಷೆಗೆ ಶಿಮೋಗಾ ಮಾತ್ರ ಗೊತ್ತು. ತೀರ್ಥಹಳ್ಳಿಯನ್ನು ಮೂರು ನಾಲ್ಕು ಥರ ಬರೆಯುತ್ತಾರೆ. ಸಿಗದಿದ್ದರೆ ಮೊದಲ ನಾಲ್ಕು ಅಕ್ಷರ ಮಾತ್ರ ಒತ್ತಿ ಪಟ್ಟಿಯಲ್ಲಿ ಹುಡುಕಿ. ನಕ್ಷೆಯೇ ತೆರೆಯುತ್ತಿಲ್ಲ, "ಕಾರ್ಡ್ ಇಲ್ಲ" ಅನ್ನುತ್ತಿದೆ ಅಂದರೆ ಕಾರ್ಡ್ ತೆಗೆದು ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿ. ಬೇರೆ ಕಾರ್ಡಿಗೆ ನಕಲು ಮಾಡಿಕೊಂಡರೆ ಬಹಳ ಸೆಟ್ಟುಗಳು ಒಪ್ಪುವುದಿಲ್ಲ, ನಕ್ಷೆ ಆ ಕಾರ್ಡಿನ ಗುರುತಿಗೇ ಬೀಗ ಹಾಕಿಕೊಂಡಿರುತ್ತದೆ.

ಚಿಲ್ಲರೆ ದೂರುಗಳು

ಎಂಜಿನ್ ವೇಗ ಏರಿದಂತೆ ಸ್ಪೀಕರಿನಲ್ಲಿ ಶಿಳ್ಳೆ ಏರಿದರೆ ಮತ್ತೆ ಅರ್ಥ್ ನೋಡಿ. ಧ್ವನಿ ಪೂರ್ತಿ ನಿಂತು ತೆರೆ ಮಾತ್ರ ಉರಿಯುತ್ತಿದ್ದರೆ ಯಾವುದೋ ಸ್ಪೀಕರ್ ವೈರು ಕಾರಿನ ಲೋಹದ ಮೈಗೆ ತಾಗಿದೆ, ಸೆಟ್ ತನ್ನನ್ನು ಕಾಪಾಡಿಕೊಳ್ಳಲು ಬಾಯಿ ಮುಚ್ಚಿದೆ. ಬಾಗಿಲ ತಳದಲ್ಲಿ ನೀರು ಹೋಗುವ ತೂತುಗಳು ಕೆಮ್ಮಣ್ಣು, ಕೊಳೆತ ಎಲೆಯಿಂದ ಕಟ್ಟಿದ್ದರೆ ಒಳಗೆ ನೀರು ನಿಂತು ಸ್ಪೀಕರ್ ಕೊಳೆಯುತ್ತದೆ. ಬಾಗಿಲು ಬಡಿದಾಗ ಗುಳುಗುಳು ಸದ್ದು ಬಂದರೆ ಅನುಮಾನವೇ ಇಲ್ಲ, ಸ್ಕ್ರೂಡ್ರೈವರಿನಿಂದ ತೂತು ಬಿಡಿಸಿ.

ಹಿಂದಿನ ಕ್ಯಾಮೆರಾ ಕಪ್ಪಾದರೆ ರಿವರ್ಸ್ ದೀಪ ಹತ್ತುತ್ತದೆಯೇ ಮೊದಲು ನೋಡಿ, ಅದರ ಕರೆಂಟೇ ಕ್ಯಾಮೆರಾಕ್ಕೆ. ಚಿತ್ರ ಮಂಜುಮಂಜಾದರೆ ಲೆನ್ಸಿನೊಳಗೆ ತೇವ ಸೇರಿದೆ. ಫೋನ್ ಜೋಡಣೆ ಕಡಿದುಹೋಗುತ್ತಿದ್ದರೆ ಹತ್ತರಲ್ಲಿ ಎಂಟು ಸಲ ಕೇಬಲ್. ತೆರೆ ತಾನೇ ಒತ್ತಿಕೊಳ್ಳುತ್ತಿದ್ದರೆ ಮೇಲಿನ ಅಗ್ಗದ ಗಾಜು ಕಿತ್ತು ನೋಡಿ. ಸೆಟ್ಟಿನ ಕೈ ಬ್ರೇಕಿನ ವೈರನ್ನು ಅರ್ಥ್ ಮಾಡಿ, ಕಾರು ನಿಂತಿದೆ ಅಂತ ಸೆಟ್ಟನ್ನು ನಂಬಿಸಿ, ಓಡುವಾಗಲೂ ವಿಡಿಯೋ ಬರುವ ಹಾಗೆ ಮಾಡಿಕೊಡಿ ಅಂತ ಕೇಳುವವರಿದ್ದಾರೆ. ನಾನು ಮಾಡುವುದಿಲ್ಲ. ಹುಲಿಕಲ್ ಘಾಟಿಯಲ್ಲಿ ಎದುರು ಬರುವವನು ನಾನೇ ಆಗಿರಬಹುದು.

ಇಷ್ಟೆಲ್ಲ ಆಗಿಯೂ ಬಲ್ಬು ಪ್ರಕಾಶವಾಗಿ ಉರಿಯುತ್ತದೆ, ಅರ್ಥ್ 0.05, ಬೇರೆ ಆಂಟೆನಾ ಹಾಕಿದರೂ ಗೆರೆ ಇಲ್ಲ, ಅಥವಾ ತೂತಿನಲ್ಲಿ ವೋಲ್ಟೇಜೇ ಇಲ್ಲ ಅಂದರೆ ಈಗ ಸೆಟ್ ಬಿಚ್ಚಿ ಕಳಿಸಿ. ವಾರಂಟಿ ಇದ್ದರೆ ಮೇಲಿನ ಸ್ಟಿಕರ್ ಹರಿಯಬೇಡಿ. ಏನೇನು ಅಳೆದಿರಿ, ಎಷ್ಟು ಬಂತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಸೆಟ್ಟಿಗೇ ಅಂಟಿಸಿ. ಚೀಟಿ ಇಲ್ಲದೆ ಹೋದ ಸೆಟ್ "ಪರೀಕ್ಷಿಸಲಾಗಿದೆ, ದೋಷವಿಲ್ಲ" ಅಂತ ಹದಿನೈದು ದಿನಕ್ಕೆ ಹಾಗೇ ವಾಪಸ್ ಬಂದದ್ದು ನನ್ನ ಕೈಯಲ್ಲೇ ಎರಡು ಸಲ ಆಗಿದೆ.

ಗೌಡರು ದಸರಾ ಹೊತ್ತಿಗೆ ಮತ್ತೆ ಬಂದಿದ್ದರು. ನ್ಯಾವಿಗೇಷನ್ ಅಂಗಳದಲ್ಲೇ ಜಾಗ ಹಿಡಿಯುತ್ತಿದೆಯಂತೆ. ಬಂದದ್ದು ಬೇರೆ ದೂರಿಗೆ: ಒಳಗಿನ ದೀಪ ಈಗ ಆರುವುದೇ ಇಲ್ಲ. ಬಾಗಿಲ ಸ್ವಿಚ್ಚಿಗೂ ಕಿಲುಬು.